ಬಾಲ್ಕನಿಯಲ್ಲಿ ಪಾರಿವಾಳ, ಸಜ್ಜೆಯ ಕೆಳಗೆ ಬಾನಾಡಿ: ಗೂಡಿಗೆ ಕೈಹಾಕುವ ಮುನ್ನ

ಪ್ರಶ್ನೆ: ನಮ್ಮದು ಬಹುಮಹಡಿ ವಸತಿ ಸಮುಚ್ಚಯ. ಬಾಲ್ಕನಿಯಲ್ಲಿರುವ ಎ.ಸಿ. ಯಂತ್ರದ ಹಿಂದೆ ಪಾರಿವಾಳವೊಂದು ನಾಲ್ಕು ಕಡ್ಡಿ ಒಟ್ಟಿ ಎರಡು ಮೊಟ್ಟೆ ಇಟ್ಟಿದೆ. ಕಟ್ಟಡದ ಮುಂಬಾಗಿಲ ಸಜ್ಜೆಯ ಕೆಳಗೆ ಸಣ್ಣ ಕಪ್ಪು ಹಕ್ಕಿಗಳ ಗೂಡುಗಳ ಗೊಂಚಲೇ ಇದೆ. ಸಂಜೆಯಾದರೆ ಅವು ಕೀಚು ದನಿಯಲ್ಲಿ ಕೂಗುತ್ತ ಗುಂಪಾಗಿ ಸುತ್ತುತ್ತವೆ. ಬರುವ ತಿಂಗಳು ಕಟ್ಟಡಕ್ಕೆ ಬಣ್ಣ ಬಳಿಸಿ, ಎಲ್ಲ ಕಡೆ ಬಲೆ ಹಾಕಿಸುವುದೆಂದು ನಿವಾಸಿಗಳ ಸಭೆ ತೀರ್ಮಾನಿಸಿದೆ. ಗೂಡುಗಳನ್ನು ಪಕ್ಕದ ಮರಗಳಿಗೆ ಸಾಗಿಸಬಹುದೇ? ಮನುಷ್ಯರು ಮುಟ್ಟಿದರೆ ತಾಯಿಹಕ್ಕಿ ಮರಿಗಳನ್ನು ಬಿಟ್ಟುಹೋಗುತ್ತದೆ ಎನ್ನುವುದು ನಿಜವೇ? ಇಷ್ಟೊಂದು ಮರಗಳಿರುವಾಗ ಇವು ಕಟ್ಟಡಕ್ಕೇ ಏಕೆ ಬರುತ್ತವೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದು ತಿಳಿದರೆ ಉಳಿದವಕ್ಕೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಪಾರಿವಾಳ ಮರದ ಹಕ್ಕಿಯೇ ಅಲ್ಲ. ನಗರಗಳಲ್ಲಿ ಕಾಣುವ ಪಾರಿವಾಳಗಳೆಲ್ಲ ಬಂಡೆ ಪಾರಿವಾಳದ ಸಂತತಿ. ಕಡಲಂಚಿನ ಕಡಿದಾದ ಬಂಡೆಗಳ ಚಾಚುಗಳಲ್ಲಿ, ಗುಹೆಗಳ ಬಾಯಲ್ಲಿ ಮೊಟ್ಟೆಯಿಟ್ಟು ಬೆಳೆದ ಕುಲ ಅದು. ಮನುಷ್ಯ ಸಾವಿರಾರು ವರ್ಷಗಳ ಹಿಂದೆ ಅದನ್ನು ಸಾಕಿದ; ಸಾಕಿದವುಗಳಲ್ಲಿ ತಪ್ಪಿಸಿಕೊಂಡವು ಊರುಗಳಲ್ಲಿ ಸ್ವತಂತ್ರವಾಗಿ ನೆಲೆಸಿದವು. ನಿಮ್ಮ ಎ.ಸಿ. ಯಂತ್ರದ ಹಿಂದಿನ ಆ ಅಂಗೈಯಗಲದ ಜಾಗ ಹಕ್ಕಿಯ ಕಣ್ಣಿಗೆ ಅಚ್ಚುಕಟ್ಟಾದ ಬಂಡೆಯ ಪೊಟರೆ: ಮೇಲೆ ಮರೆ, ಹಿಂದೆ ಗೋಡೆ, ಮುಂದೆ ಹಾರಲು ಬಯಲು, ಬೆಕ್ಕು ಏರಲಾಗದ ಎತ್ತರ. ಎದುರಿಗೆ ನೂರು ಮರಗಳಿದ್ದರೂ ಅದು ಅಲ್ಲಿಗೆ ಹೋಗುವುದಿಲ್ಲ.

ಹೀಗೆ ಪ್ರತಿಯೊಂದು ಹಕ್ಕಿಯೂ ನಾವು ಕಟ್ಟಿದ್ದರಲ್ಲಿ ತನ್ನ ಹಳೆಯ ನೆಲೆಯ ಯಾವುದೋ ಒಂದು ಗುಣವನ್ನು ಗುರುತಿಸುತ್ತದೆ. ಗುಬ್ಬಚ್ಚಿ, ಮೈನಾ, ಮಡಿವಾಳ ಹಕ್ಕಿಗಳಿಗೆ ಬೇಕಾದದ್ದು ಪೊಟರೆ. ಗೋಡೆಯ ಬಿರುಕು, ಕೊಳವೆಯ ಬಾಯಿ, ಸಂಚಾರ ದೀಪದ ಕಂಬದ ತೂತು ಎಲ್ಲವೂ ಅವಕ್ಕೆ ಪೊಟರೆಯೇ. ಹದ್ದು, ಕಾಗೆಗಳಿಗೆ ಎತ್ತರದ ಕವಲು ಬೇಕು, ಹಾಗಾಗಿ ಮೊಬೈಲ್ ಗೋಪುರವೂ ಕ್ರೀಡಾಂಗಣದ ದೀಪಸ್ತಂಭವೂ ಮರಗಳಾಗುತ್ತವೆ. ಯುರೋಪಿನಲ್ಲಿ ಬಿಳಿ ಕೊಕ್ಕರೆಗಳು ಹೊಗೆಗೂಡಿನ ತುದಿಯಲ್ಲೂ ವಿದ್ಯುತ್ ಕಂಬದ ಮೇಲೂ ಕಡ್ಡಿಗಳ ದೊಡ್ಡ ಅಟ್ಟಣಿಗೆ ಕಟ್ಟುತ್ತವೆ. ಉತ್ತರ ಅಮೆರಿಕದ ಚಿಮಣಿ ಬಾನಾಡಿಗಳು (ಚಿಮ್ನಿ ಸ್ವಿಫ್ಟ್) ಟೊಳ್ಳುಮರಗಳನ್ನು ಬಿಟ್ಟು ಹೊಗೆಗೂಡುಗಳಿಗೆ ಬಂದವು. ಅಲ್ಲಿನ ಪೂರ್ವ ಭಾಗದ ಪರ್ಪಲ್ ಮಾರ್ಟಿನ್ ಹಕ್ಕಿಗಳಂತೂ ಈಗ ಹೆಚ್ಚುಕಡಿಮೆ ಪೂರ್ತಿಯಾಗಿ ಜನರು ನೇತುಹಾಕುವ ಗೂಡುಪೆಟ್ಟಿಗೆಗಳನ್ನೇ ನಂಬಿಕೊಂಡಿವೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಟೈನ್ ಸೇತುವೆಯ ಉಕ್ಕಿನ ತೊಲೆಗಳ ಮೇಲೆ ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳು ಸಮುದ್ರದಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ಒಳನಾಡಿಗೆ ಬಂದು ಮರಿಮಾಡುತ್ತವೆ. ನ್ಯೂಯಾರ್ಕಿನ ಸೇತುವೆಗಳ ಗೋಪುರಗಳಲ್ಲಿ ಪೆರಿಗ್ರಿನ್ ಫಾಲ್ಕನ್‌ಗಳಿವೆ. ಈ ಬೇಟೆಹಕ್ಕಿಗೆ ಗೂಡು ಕಟ್ಟುವ ಅಭ್ಯಾಸವೇ ಇಲ್ಲ, ಬಂಡೆಯ ಚಾಚಿನ ಜಲ್ಲಿಯನ್ನು ಕೆದಕಿ ಗುಳಿ ಮಾಡಿ ಮೊಟ್ಟೆಯಿಡುತ್ತದೆ. ಡಿಡಿಟಿ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಅಳಿವಿನಂಚಿಗೆ ಹೋಗಿದ್ದ ಇದನ್ನು 1999ರಲ್ಲಿ ಅಮೆರಿಕ ತನ್ನ ವಿನಾಶದಂಚಿನ ಪ್ರಾಣಿಗಳ ಪಟ್ಟಿಯಿಂದ ಕೈಬಿಟ್ಟಿತು. ಆ ಚೇತರಿಕೆಯಲ್ಲಿ ಗಗನಚುಂಬಿಗಳ ಮೇಲೆ ಜಲ್ಲಿ ತುಂಬಿದ ತಟ್ಟೆಗಳನ್ನಿಟ್ಟು ಕಾದ ಜನರ ಪಾಲೂ ಇದೆ.

ಆದ್ದರಿಂದ ನಿಮ್ಮ ಸಭೆಗೆ ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. 'ಹಕ್ಕಿಗಳ ಸಮಸ್ಯೆ' ಎಂಬ ಒಂದು ಸಮಸ್ಯೆ ನಿಮ್ಮಲ್ಲಿ ಇಲ್ಲ. ಪಾರಿವಾಳದ ವಿಷಯ ಬೇರೆ, ಸಜ್ಜೆಯ ಕೆಳಗಿನ ಹಕ್ಕಿಗಳ ವಿಷಯ ಬೇರೆ. ಎರಡಕ್ಕೂ ಒಂದೇ ಬಲೆ ಹಾಕಿದರೆ ದೊಡ್ಡ ಅನ್ಯಾಯವಾಗುತ್ತದೆ.

ಮೊದಲು ಪಾರಿವಾಳ. ಗೂಡನ್ನು ಮರಕ್ಕೆ ಸಾಗಿಸಬೇಡಿ. ತಂದೆ ತಾಯಿ ಹಿಂತಿರುಗುವುದು ಗೂಡಿಗಲ್ಲ, ಆ ಸ್ಥಳಕ್ಕೆ. ಎರಡು ಮೀಟರ್ ಸರಿಸಿದ ಗೂಡು ಕಣ್ಣೆದುರಿಗೇ ಇದ್ದರೂ ಅನೇಕ ಹಕ್ಕಿಗಳು ಮೊದಲಿನ ಜಾಗದಲ್ಲೇ ಹುಡುಕುತ್ತ ಕೂರುತ್ತವೆ. ಅಷ್ಟರಲ್ಲಿ ಮೊಟ್ಟೆ ತಣ್ಣಗಾಗುತ್ತದೆ, ಮರಿ ಸಾಯುತ್ತದೆ. ಮರಿಗಳನ್ನು ನಾವೇ ಸಾಕುತ್ತೇವೆ ಎನ್ನುವುದೂ ಸುಲಭವಲ್ಲ. ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಪಾರಿವಾಳದ ಮರಿ ಬದುಕುವುದು ಗಂಡು ಹೆಣ್ಣುಗಳೆರಡೂ ತಮ್ಮ ಗಂಟಲಚೀಲದಲ್ಲಿ ಒಸರಿಸುವ ಕೊಬ್ಬು, ಪ್ರೋಟೀನ್ ತುಂಬಿದ ಹಾಲಿನಿಂದ. ಅದಕ್ಕೆ ಸರಿಸಾಟಿಯಾದದ್ದು ಮನೆಯ ಅಡುಗೆಮನೆಯಲ್ಲಿ ಸಿಗುವುದಿಲ್ಲ.

ಕಾಯುವುದಾದರೆ ಎಷ್ಟು ದಿನ? ಪಾರಿವಾಳ ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡುತ್ತದೆ. ಕಾವಿನ ಅವಧಿ 17ರಿಂದ 19 ದಿನ. ಹಗಲಿನ ಹೆಚ್ಚು ಹೊತ್ತು ಗಂಡು ಕೂರುತ್ತದೆ, ಇಳಿಹೊತ್ತಿನಿಂದ ಬೆಳಗಿನವರೆಗೆ ಹೆಣ್ಣು. ಮರಿಗಳು ಹಾರಲು ಇನ್ನೂ ನಾಲ್ಕೈದು ವಾರ ಬೇಕು. ಒಟ್ಟಿನಲ್ಲಿ ಆರರಿಂದ ಏಳು ವಾರ. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ: ಮರಿಗಳು ಹಾರಿಹೋಗುವ ಮೊದಲೇ ಪಾರಿವಾಳ ಮುಂದಿನ ಜೋಡಿ ಮೊಟ್ಟೆ ಇಟ್ಟುಬಿಡಬಹುದು, ಅದೇ ಗೂಡಿನಲ್ಲಿ ಅಥವಾ ಪಕ್ಕದಲ್ಲೇ. ವರ್ಷವಿಡೀ ಮರಿಮಾಡಬಲ್ಲ ಹಕ್ಕಿ ಅದು. 'ಇನ್ನೊಂದು ವಾರ ನೋಡೋಣ' ಎಂದು ಕಾದವರಿಗೆ ಮತ್ತೆ ಏಳು ವಾರ ಕಾಯುವ ಪಾಡು ಬರುತ್ತದೆ. ಆದ್ದರಿಂದ ಮರಿಗಳ ಮೈಮೇಲಿನ ಹಳದಿ ನೂಲಿನಂಥ ತುಪ್ಪುಳು ಉದುರಿ ಗರಿ ತುಂಬುತ್ತಿದ್ದಂತೆ ದಿನಾ ಗಮನಿಸಿ. ಅವು ಹಾರಿಹೋದ ದಿನವೇ ಗೂಡು ತೆಗೆದು, ಜಾಗ ತೊಳೆದು, ಸಂದಿಯನ್ನು ಮುಚ್ಚಿಬಿಡಿ.

ಇನ್ನು, ಮೊಟ್ಟೆ ಇಲ್ಲದೆ ಬರೀ ಕಡ್ಡಿಗಳು ಬಿದ್ದಿರುವ ಹಂತದಲ್ಲಿ ಕಂಡರೆ ಹಿಂಜರಿಯಬೇಡಿ. ಕಡ್ಡಿ ತೆಗೆಯಿರಿ, ಮರುದಿನ ಮತ್ತೆ ತಂದರೆ ಮತ್ತೆ ತೆಗೆಯಿರಿ, ಆ ಮೂಲೆಯನ್ನು ಮುಚ್ಚಿ. ಹಕ್ಕಿ ಬೇರೆ ಜಾಗ ಹುಡುಕಿಕೊಳ್ಳುತ್ತದೆ. ಇದರಲ್ಲಿ ಕ್ರೌರ್ಯವಿಲ್ಲ, ಕಡ್ಡಿಗಳ ಹಂತದಲ್ಲಿ ಕಣ್ಣುಮುಚ್ಚಿಕೊಂಡಿದ್ದು ಮರಿಗಳಾದ ಮೇಲೆ ಎಚ್ಚರಗೊಳ್ಳುವುದೇ ಕ್ರೌರ್ಯಕ್ಕೆ ದಾರಿ ಮಾಡುತ್ತದೆ.

ಮುಟ್ಟಿದರೆ ತಾಯಿಹಕ್ಕಿ ಬಿಟ್ಟುಹೋಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಆದರೆ ನಿಜವಲ್ಲ. ಗೂಡಿನಿಂದ ಜಾರಿಬಿದ್ದ ಮರಿಯ ಮೇಲೆ ನಿಮ್ಮ ಕೈಯ ವಾಸನೆ ಉಳಿದರೂ ತಂದೆ ತಾಯಿ ಅದನ್ನು ತಿರಸ್ಕರಿಸುವುದಿಲ್ಲ. ಗರಿ ಮೂಡದ ಮರಿ ಕೆಳಗೆ ಬಿದ್ದಿದ್ದರೆ ಮೆಲ್ಲನೆ ಎತ್ತಿ ಅದೇ ಗೂಡಿನಲ್ಲಿಡಿ. ಆದರೆ ಈ ನಂಬಿಕೆಯ ಒಳಗೆ ಒಂದು ಸತ್ಯವೂ ಅಡಗಿದೆ: ಹಕ್ಕಿಯನ್ನು ಓಡಿಸುವುದು ವಾಸನೆಯಲ್ಲ, ಕಿರುಕುಳ. ಗೂಡು ಕಟ್ಟುವಾಗ ಮತ್ತು ಕಾವಿನ ಆರಂಭದ ದಿನಗಳಲ್ಲಿ ಪದೇ ಪದೇ ಇಣುಕಿದರೆ, ಮೊಬೈಲ್ ಹಿಡಿದು ಹತ್ತಿರ ಹೋದರೆ ಎಷ್ಟೋ ಹಕ್ಕಿಗಳು ಗೂಡನ್ನೇ ಬಿಡುತ್ತವೆ. ಪಾರಿವಾಳ ಗಟ್ಟಿಗ, ಬಾಲ್ಕನಿಯ ಹೂಕುಂಡದಲ್ಲೋ ದೀಪದ ತಂತಿಯ ಮೇಲೋ ಗೂಡು ಮಾಡುವ ಪಿಕಳಾರ, ಸೂರಕ್ಕಿಗಳು ಅಷ್ಟು ಸಹಿಸುವುದಿಲ್ಲ. ಅವುಗಳ ವಿಷಯದಲ್ಲಿ ಸಮಾಧಾನವೆಂದರೆ ಕಾಲ ಬಹಳ ಚಿಕ್ಕದು. ಪಿಕಳಾರದ ಮೊಟ್ಟೆ ಎರಡು ವಾರದೊಳಗೆ ಒಡೆಯುತ್ತದೆ, ಮತ್ತೆ ಎರಡು ವಾರದೊಳಗೆ ಮರಿಗಳು ಗೂಡು ಬಿಟ್ಟಿರುತ್ತವೆ. ಒಂದು ತಿಂಗಳು ಆ ಕುಂಡಕ್ಕೆ ದೂರದಿಂದ ಮೆಲ್ಲಗೆ ನೀರು ಹಾಕಿದರೆ ಸಾಕು.

ಗರಿ ಬಲಿತ ಮರಿಯೊಂದು ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಅನಾಥವಲ್ಲ, ಹಾರಲು ಕಲಿಯುತ್ತಿದೆ. ಬೆಕ್ಕು ನಾಯಿಗಳಿಂದ ದೂರವಿರುವ ಪೊದೆಗೋ ಮೋಟುಗೋಡೆಯ ಮೇಲಕ್ಕೋ ಸರಿಸಿ, ನೀವು ಹಿಂದೆ ಸರಿಯಿರಿ. ತಂದೆ ತಾಯಿ ಹತ್ತಿರದಲ್ಲೇ ಇರುತ್ತವೆ. ಕೊಕ್ಕು ಬಿಡಿಸಿ ನೀರು ಹನಿಸಬೇಡಿ, ಅದು ಶ್ವಾಸನಾಳಕ್ಕೆ ಹೋಗಿ ಮರಿ ಸಾಯುತ್ತದೆ. ಹಸುವಿನ ಹಾಲಂತೂ ಬೇಡವೇ ಬೇಡ.

ಈ ನಿಯಮಕ್ಕೆ ಒಂದು ದೊಡ್ಡ ಅಪವಾದ ನಿಮ್ಮ ಸಜ್ಜೆಯ ಕೆಳಗೇ ಇದೆ. ನೀವು ವರ್ಣಿಸಿದ ಕಪ್ಪು ಹಕ್ಕಿಗಳು, ಕುಡುಗೋಲಿನಂತೆ ಬಾಗಿದ ಉದ್ದ ರೆಕ್ಕೆಯವಾಗಿದ್ದರೆ, ಸೊಂಟದ ಮೇಲೆ ಬಿಳಿ ಪಟ್ಟಿಯಿದ್ದರೆ, ಬಾನಾಡಿಗಳು, ಅಂದರೆ ಇಂಗ್ಲಿಷಿನಲ್ಲಿ ಸ್ವಿಫ್ಟ್ ಎನ್ನುವ ಹಕ್ಕಿಗಳು. ಇವನ್ನು ಕವಲುತೋಕೆಯೊಂದಿಗೆ ಬೆರೆಸಬೇಡಿ. ಕವಲುತೋಕೆ ಕೆಸರಿನ ಉಂಡೆಗಳನ್ನು ಕೊಕ್ಕಿನಲ್ಲಿ ತಂದು ಒಂದರ ಪಕ್ಕ ಒಂದು ಮೆತ್ತಿ ಬಟ್ಟಲು ಕಟ್ಟುತ್ತದೆ. ಬಾನಾಡಿ ಮಣ್ಣಿಗಾಗಿ ಕೆಳಗೆ ಇಳಿಯುವುದೇ ಇಲ್ಲ. ಗಾಳಿಯಲ್ಲಿ ತೇಲುವ ಗರಿ, ಹುಲ್ಲೆಳೆಗಳನ್ನು ಹಾರುತ್ತಲೇ ಹಿಡಿದು ತನ್ನ ಜೊಲ್ಲಿನಿಂದ ಅಂಟಿಸಿ ಸೂರಿಗೆ ಗೂಡು ಹಚ್ಚುತ್ತದೆ. ಆ ಜೊಲ್ಲು ಒಣಗಿದರೆ ಗಟ್ಟಿ ಅಂಟು. ಬಾನಾಡಿಗಳ ಕಾಲು ಗಿಡ್ಡ. ಗೋಡೆಗೆ ಜೋತುಬೀಳಲು ಆಗುತ್ತವೆಯೇ ಹೊರತು ನಡೆಯಲು ಆಗವು. ಉಣ್ಣುವುದು, ಕುಡಿಯುವುದು ಎಲ್ಲವೂ ಆಕಾಶದಲ್ಲೇ. ಇವುಗಳ ಬಂಧುವಾದ ಯುರೋಪಿನ ಸಾಮಾನ್ಯ ಬಾನಾಡಿಗೆ ಪುಟ್ಟ ಉಪಕರಣ ಕಟ್ಟಿ ಹಿಂಬಾಲಿಸಿದ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು, ಕೆಲವು ಹಕ್ಕಿಗಳು ಹತ್ತು ತಿಂಗಳ ಕಾಲ ಒಮ್ಮೆಯೂ ಕೆಳಗಿಳಿಯದೆ ಹಾರಾಡುತ್ತಲೇ ಇರುತ್ತವೆ ಎಂದು 2016ರಲ್ಲಿ ತೋರಿಸಿದರು. ಅಂಥ ಹಕ್ಕಿಗೆ ನೆಲದ ಲೋಕದೊಂದಿಗೆ ಇರುವ ಗಟ್ಟಿ ಸಂಬಂಧ ಒಂದೇ: ಗೂಡು. ಅದಕ್ಕೆ ನಿಮ್ಮ ಸಜ್ಜೆ ಸಿಕ್ಕಿದೆ. ನನ್ನ ಮಟ್ಟಿಗೆ ಇದು ಒಂದು ಕಟ್ಟಡಕ್ಕೆ ಸಲ್ಲಬಹುದಾದ ದೊಡ್ಡ ಗೌರವ.

ಬಾನಾಡಿಯ ಮರಿ ಗೂಡು ಬಿಟ್ಟ ಮೇಲೆ ತಂದೆ ತಾಯಿ ಅದಕ್ಕೆ ಉಣಿಸುವುದಿಲ್ಲ. ಹೊರಬಿದ್ದ ಗಳಿಗೆಯಿಂದ ಅದು ಸ್ವತಂತ್ರ. ಹಾಗಾಗಿ ನೆಲದಲ್ಲಿ ಬಿದ್ದಿರುವ ಬಾನಾಡಿ, ಮರಿಯಾಗಲಿ ದೊಡ್ಡದಾಗಲಿ, ಕಷ್ಟದಲ್ಲಿದೆ ಎಂದೇ ತಿಳಿಯಬೇಕು. ಗಾಳಿಯಾಡುವ ಕಾಗದದ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಕತ್ತಲಲ್ಲಿರಿಸಿ, ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೆ ತಲುಪಿಸಿ. ಗಾಳಿಗೆ ಎಸೆದು ನೋಡುವುದು ಬೇಡ, ರೆಕ್ಕೆ ಮುರಿದಿದ್ದರೆ ಅದೇ ಅದರ ಕೊನೆಯಾಗುತ್ತದೆ.

ಈ ಗೂಡುಗಳನ್ನು ತೆಗೆಯಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಬರೀ ಅಕ್ಕರೆಯಲ್ಲ. ಪಾರಿವಾಳದ ಗೂಡು ಹೋದರೆ ಒಂದು ದಿನದಲ್ಲಿ ಮತ್ತೆ ನಾಲ್ಕು ಕಡ್ಡಿ ಬಿದ್ದಿರುತ್ತವೆ. ಬಾನಾಡಿಗಳ ಗೂಡು ವರ್ಷಗಟ್ಟಲೆ ಬಳಕೆಯಲ್ಲಿರುತ್ತದೆ. ಮರಿಗಳಿಲ್ಲದ ಕಾಲದಲ್ಲೂ ರಾತ್ರಿ ಅಲ್ಲೇ ತಂಗುತ್ತವೆ. ಜೊಲ್ಲಿನಿಂದ ಎಳೆ ಎಳೆಯಾಗಿ ಕಟ್ಟಿದ ಆ ಗೊಂಚಲನ್ನು ಕೆರೆದುಹಾಕಿದರೆ ಇಡೀ ವಸಾಹತು ಒಮ್ಮೆಗೇ ಬೀದಿಗೆ ಬೀಳುತ್ತದೆ. ಮೊಟ್ಟೆಯಿಟ್ಟಲ್ಲಿಂದ ಮರಿ ಹಾರುವವರೆಗೆ ಇವಕ್ಕೆ ಸುಮಾರು ಎರಡು ತಿಂಗಳು ಬೇಕು, ಒಂದೇ ಗೊಂಚಲಿನ ಗೂಡುಗಳು ಬೇರೆ ಬೇರೆ ಹಂತಗಳಲ್ಲಿರುತ್ತವೆ. ಕೆಳಗಿನಿಂದ ನೋಡಿ 'ಖಾಲಿಯಿದೆ' ಎಂದು ತೀರ್ಮಾನಿಸಲು ಆಗುವುದಿಲ್ಲ. ಅವು ದಿನವಿಡೀ ಹಿಡಿಯುವ ಹಾರುವ ಕೀಟಗಳ ಲೆಕ್ಕವನ್ನೂ ಸಭೆಯಲ್ಲಿ ನೆನಪಿಸಿ.

ನಗರ ಹಕ್ಕಿಗಳಿಗೆ ಪುಕ್ಕಟೆ ಮನೆ ಕೊಟ್ಟಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಮನೆಗೆ ಅವು ತೆರುವ ಬೆಲೆ ದೊಡ್ಡದು. ಅಮೆರಿಕದ ನೆಬ್ರಾಸ್ಕಾದಲ್ಲಿ ರಸ್ತೆ ಸೇತುವೆಗಳ ಕೆಳಗೆ ಗೂಡು ಕಟ್ಟುವ ಕ್ಲಿಫ್ ಸ್ವಾಲೋ ಹಕ್ಕಿಗಳನ್ನು ಚಾರ್ಲ್ಸ್ ಬ್ರೌನ್ ಮತ್ತು ಮೇರಿ ಬಾಂಬರ್ಗರ್ ಬ್ರೌನ್ ಮೂವತ್ತು ವರ್ಷ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ವಾಹನಗಳಿಗೆ ಸಿಕ್ಕಿ ಸಾಯುವ ಹಕ್ಕಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿದಿತ್ತು. ಸತ್ತವುಗಳ ರೆಕ್ಕೆ ಉಳಿದವುಗಳ ರೆಕ್ಕೆಗಿಂತ ಉದ್ದವಾಗಿತ್ತು. ಗಿಡ್ಡ ರೆಕ್ಕೆಯವು ಥಟ್ಟನೆ ತಿರುಗಿ ಪಾರಾಗುತ್ತಿದ್ದವು ಎಂದು ತೋರುತ್ತದೆ. ಅಂದರೆ ನಮ್ಮ ವಾಹನಗಳು ಆ ಹಕ್ಕಿಯ ಮೈಯನ್ನೇ ತಿದ್ದಿವೆ, ಒಂದೊಂದು ಸಾವಿನಿಂದ. ಮೆಕ್ಸಿಕೋ ನಗರದಲ್ಲಿ ಗುಬ್ಬಚ್ಚಿ, ಫಿಂಚ್‌ಗಳು ಸೇದಿ ಎಸೆದ ಸಿಗರೇಟು ತುಂಡುಗಳ ನಾರನ್ನು ಗೂಡಿಗೆ ಹಾಸುತ್ತವೆ. ನಿಕೋಟಿನ್‌ನಿಂದಾಗಿ ಗೂಡಿನಲ್ಲಿ ನುಸಿಗಳು ಕಡಿಮೆಯಾಗುತ್ತವೆ, ಆದರೆ ಅದೇ ವಿಷ ಮರಿಗಳ ರಕ್ತಕಣಗಳಿಗೆ ಹಾನಿ ಮಾಡುತ್ತದೆ. ಗುಬ್ಬಚ್ಚಿಗೆ ಹೊಸ ಗಾಜಿನ ಕಟ್ಟಡಗಳಲ್ಲಿ ಒಂದು ತೂತೂ ಸಿಗುವುದಿಲ್ಲ. ಸಿಕ್ಕರೂ ಮರಿಗಳಿಗೆ ಮೊದಲ ದಿನಗಳಲ್ಲಿ ಬೇಕಾದ ಹುಳುಹುಪ್ಪಟೆ ಔಷಧಿ ಹೊಡೆದ ಉದ್ಯಾನಗಳಲ್ಲಿ ಇರುವುದಿಲ್ಲ.

ಮತ್ತೆ ನಿಮ್ಮ ಬಾಲ್ಕನಿಗೆ ಬರೋಣ. ಪಾರಿವಾಳಗಳ ಕಾಟ ನಿಜವಾದದ್ದು, ಅದನ್ನು ಹಗುರ ಮಾಡಿ ಮಾತನಾಡುವುದಿಲ್ಲ. ಒಣಗಿದ ಹಿಕ್ಕೆಯ ದೂಳಿನಿಂದ ಸಿಟ್ಟಕೋಸಿಸ್, ಕ್ರಿಪ್ಟೋಕಾಕೋಸಿಸ್‌ನಂಥ ಸೋಂಕುಗಳು ಬರಬಹುದು. ಗರಿ ಮತ್ತು ಹಿಕ್ಕೆಯ ದೂಳನ್ನು ದೀರ್ಘಕಾಲ ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶದ ಗಂಭೀರ ಅಲರ್ಜಿ ಕಾಣಿಸಿಕೊಳ್ಳುತ್ತದೆ. ಉಬ್ಬಸವಿರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಆ ಜಾಗವನ್ನು ಸ್ವಚ್ಛಗೊಳಿಸಲು ಹೋಗಬಾರದು. ಉಳಿದವರೂ ಒಣ ಪೊರಕೆ ಹಿಡಿಯಬಾರದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಖಗವಸು, ಕೈಗವಸು ಹಾಕಿ, ಸೋಪುನೀರು ಸಿಂಪಡಿಸಿ ಚೆನ್ನಾಗಿ ನೆನೆಸಿ, ಆಮೇಲೆ ಕೆರೆದು ಚೀಲಕ್ಕೆ ತುಂಬಿ. ಮರಿಗಳು ಹೋದ ಮೇಲೆ ಗೂಡನ್ನು ಹಾಗೇ ಬಿಟ್ಟರೆ ಅದರೊಳಗಿನ ಹಕ್ಕಿನುಸಿಗಳು ರಕ್ತ ಅರಸಿ ಮನೆಯೊಳಕ್ಕೆ ಹರಿದುಬರುತ್ತವೆ. ಪಾರಿವಾಳದ ಗೂಡನ್ನು ಅದೇ ದಿನ ತೆಗೆಯಿರಿ ಎಂದದ್ದಕ್ಕೆ ಇದೂ ಒಂದು ಕಾರಣ.

ಕಾಯಲೇಬಾರದ ಸಂದರ್ಭವೂ ಒಂದಿದೆ. ಗ್ಯಾಸ್ ಗೀಸರಿನ ಹೊಗೆಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ಹೊರಹೋಗದೆ ಮನೆಯೊಳಗೆ ತುಂಬಿ ಜೀವ ತೆಗೆಯುತ್ತದೆ. ಆ ಗೀಸರನ್ನು ತಕ್ಷಣ ನಿಲ್ಲಿಸಿ. ಮರಿಗಳಿದ್ದರೆ ಅವು ಹಾರುವವರೆಗೆ ಗೀಸರನ್ನೇ ಬಳಸಬೇಡಿ. ಅದಾಗದಿದ್ದರೆ ವನ್ಯಜೀವಿ ರಕ್ಷಕರನ್ನು ಕರೆಸಿ.

ಪಾರಿವಾಳಗಳ ಸಂಖ್ಯೆ ಇಳಿಸಲು ಬಲೆಗಿಂತ ದೊಡ್ಡ ಉಪಾಯ ಬೇರೆ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದಿತು. ಸಂಖ್ಯೆ ಮಾತ್ರ ಇಪ್ಪತ್ತು ಸಾವಿರದ ಆಸುಪಾಸಿನಲ್ಲೇ ಉಳಿಯಿತು, ಏಕೆಂದರೆ ಸತ್ತವುಗಳ ಜಾಗವನ್ನು ಹೊಸ ಮರಿಗಳು ತುಂಬುತ್ತಿದ್ದವು. 1988ರಿಂದ ಅಲ್ಲಿನ ಜೀವಶಾಸ್ತ್ರಜ್ಞ ಡೇನಿಯಲ್ ಹಾಗ್-ವಾಕರ್ನಾಗೆಲ್ ಅವರ ಮುಂದಾಳತ್ವದಲ್ಲಿ ಜನರು ಕಾಳು ಹಾಕುವುದನ್ನು ನಿಲ್ಲಿಸುವಂತೆ ಪ್ರಚಾರ ನಡೆಯಿತು. ಕೆಲವೇ ವರ್ಷಗಳಲ್ಲಿ ಪಾರಿವಾಳಗಳು ಅರ್ಧಕ್ಕಿಳಿದವು. ನಿಮ್ಮ ಸಮುಚ್ಚಯದ ಛಾವಣಿಯಲ್ಲಿ ಯಾರಾದರೂ ಚೀಲಗಟ್ಟಲೆ ಕಾಳು ಸುರಿಯುತ್ತಿದ್ದರೆ ಬಲೆಯ ಖರ್ಚಿಗೆ ಮುನ್ನ ಅವರೊಂದಿಗೆ ಕುಳಿತು ಮಾತನಾಡಿ. ಅವರ ಒಳ್ಳೆಯ ಮನಸ್ಸನ್ನು ಗೌರವಿಸುತ್ತಲೇ ಮಾತನಾಡಿ.

ಬಲೆ ಹಾಕಲೇಬೇಕಾದರೆ ಪಾರಿವಾಳಗಳಿಗೆ 50 ಮಿಲಿಮೀಟರ್ ಕಣ್ಣಿನದು ಸಾಕು. ಎಲ್ಲ ಅಂಚುಗಳೂ ಬಿಗಿಯಾಗಿರಬೇಕು. ಜೋಲುಬಿದ್ದ ಬಲೆಯಲ್ಲಿ ಕಾಲು ಸಿಕ್ಕಿಕೊಂಡು ಹಕ್ಕಿಗಳು ದಿನಗಟ್ಟಲೆ ಒದ್ದಾಡಿ ಸಾಯುತ್ತವೆ. ಆದ್ದರಿಂದ ಯಾರಾದರೂ ವಾರಕ್ಕೊಮ್ಮೆ ಬಲೆ ನೋಡುವ ಹೊಣೆ ಹೊರಬೇಕು. ಬಲೆ ಕಟ್ಟುವ ಮುನ್ನ ಒಳಗೆ ಗೂಡಿಲ್ಲವೆಂದು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಒಳಗೆ ಮರಿ, ಹೊರಗೆ ತಾಯಿ ಎಂಬ ಘೋರ ಸ್ಥಿತಿ ಬರುತ್ತದೆ. ಚಾಚುಗಳ ಮೇಲೆ 45 ಡಿಗ್ರಿಗಿಂತ ಹೆಚ್ಚು ಇಳಿಜಾರಾಗಿ ಹಲಗೆ ಕೂರಿಸಿದರೆ ಪಾರಿವಾಳ ಅಲ್ಲಿ ನಿಲ್ಲಲಾರದು. ಕಟ್ಟಡಕ್ಕೂ ಹಕ್ಕಿಗೂ ಇದೇ ಮೇಲು. ಅಂಟು ಹಚ್ಚುವ ವಿಧಾನಗಳನ್ನು ದೂರವಿಡಿ, ಸಣ್ಣ ಹಕ್ಕಿಗಳು ಅದರಲ್ಲಿ ಸಿಲುಕುತ್ತವೆ. ಹಕ್ಕಿಗಳು ಕೂರದಂತೆ ಚಾಚುಗಳಿಗೆ ಹೊಡೆಸುವ ಮುಳ್ಳುಪಟ್ಟಿಗಳ ಬಗ್ಗೆ ಹೇಳುವುದಾದರೆ, ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಕಾಗೆಯ ಬಳಗದ ಮ್ಯಾಗ್ಪೈ ಹಕ್ಕಿಗಳ ಜೋಡಿಯೊಂದು ಕಟ್ಟಡದಿಂದ ಅಂಥ ಮುಳ್ಳುಪಟ್ಟಿಗಳನ್ನೇ ಕಿತ್ತು ತಂದು ತನ್ನ ಗೂಡಿಗೆ ಕೋಟೆ ಕಟ್ಟಿಕೊಂಡದ್ದನ್ನು ನೆದರ್ಲೆಂಡ್ಸಿನ ಸಂಶೋಧಕರು 2023ರಲ್ಲಿ ವರದಿ ಮಾಡಿದರು. ಆ ಒಂದೇ ಗೂಡಿನಲ್ಲಿ ಸುಮಾರು 1500 ಮುಳ್ಳುಗಳಿದ್ದವು.

ಕಾನೂನಿನ ಮಾತೂ ಇದೆ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡಿಗೆ ಭಂಗ ತರುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಬ್ರಿಟನ್ನಿನ 1981ರ ಕಾಯ್ದೆ, ಅಮೆರಿಕದ 1918ರ ವಲಸೆಹಕ್ಕಿಗಳ ಕಾಯ್ದೆಗಳಲ್ಲೂ ಬಳಕೆಯಲ್ಲಿರುವ ಗೂಡುಗಳಿಗೆ ರಕ್ಷಣೆಯಿದೆ. ಬಣ್ಣದ ಗುತ್ತಿಗೆದಾರರ ಒಪ್ಪಂದದಲ್ಲೇ ಇದನ್ನು ಬರೆಸಿ. ಗೂಡು ಕೀಳುವವರು ಸಾಮಾನ್ಯವಾಗಿ ಕೂಲಿಯ ಕೆಲಸಗಾರರು. ಯಾರೂ ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯಿಲ್ಲ.

ಬಣ್ಣದ ಕೆಲಸವನ್ನು ಹೀಗೆ ನಡೆಸಬಹುದು. ಮುಂಬಾಗಿಲ ಸಜ್ಜೆಯನ್ನು ಬಿಟ್ಟು ಉಳಿದ ಗೋಡೆಗಳನ್ನು ಮೊದಲು ಮುಗಿಸಿ. ಸಜ್ಜೆಗೆ ಬಂದಾಗ ಗೂಡುಗಳ ಸುತ್ತ ಒಂದು ಮೊಳ ಜಾಗ ಬಿಟ್ಟು, ಸಿಂಪಡಿಸುವ ಯಂತ್ರವಿಲ್ಲದೆ ಕುಂಚದಿಂದಲೇ ಬಳಿಯಿರಿ. ಮುಸ್ಸಂಜೆ ಹಕ್ಕಿಗಳು ಮರಳುವ ಮೊದಲು ಕೆಲಸ ನಿಲ್ಲಿಸಿ. ಅಟ್ಟಣಿಗೆಯ ಪರದೆಯನ್ನು ಗೂಡುಗಳ ಮುಂದೆ ಇಳಿಬಿಡಬೇಡಿ, ದಾರಿ ಮುಚ್ಚಿದರೆ ಮರಿಗಳು ಹಸಿವಿನಿಂದ ಸಾಯುತ್ತವೆ. ಸಜ್ಜೆಯನ್ನೇ ದುರಸ್ತಿ ಮಾಡಬೇಕಾದ ಸ್ಥಿತಿಯಿದ್ದರೆ ಹಕ್ಕಿ ಬಲ್ಲವರೊಬ್ಬರಿಂದ ಗೂಡುಗಳನ್ನು ಪರೀಕ್ಷಿಸಿ, ಮರಿಗಳಿಲ್ಲದ ಕಾಲ ಆರಿಸಿ, ಕೆಲಸಕ್ಕೆ ಮುನ್ನವೇ ಹತ್ತಿರದಲ್ಲಿ ಪೆಟ್ಟಿಗೆ ಗೂಡುಗಳನ್ನು ಅಳವಡಿಸಿ. ಇಂಗ್ಲೆಂಡಿನ ಬ್ರೈಟನ್ ಮತ್ತು ಹೋವ್ ನಗರಾಡಳಿತ 2020ರಿಂದ ಐದು ಮೀಟರಿಗಿಂತ ಎತ್ತರದ ಹೊಸ ಕಟ್ಟಡಗಳ ಗೋಡೆಯಲ್ಲೇ ಬಾನಾಡಿಗಳಿಗೆಂದು ಟೊಳ್ಳು ಇಟ್ಟಿಗೆ ಇಡಬೇಕೆಂದು ಷರತ್ತು ಹಾಕಿದೆ.

ಉಳಿದದ್ದು ಬಾಗಿಲ ಬಳಿ ಬೀಳುವ ಹಿಕ್ಕೆಯ ದೂರು. ಸಭೆಯಲ್ಲಿ ಜೋರಾಗಿ ಕೇಳುವುದು ಇದೇ ಇರಬೇಕು. ಗೂಡುಗಳಿಗೆ ಅಂಟಿಕೊಂಡಂತೆ ಹಲಗೆ ಹೊಡೆಸಬೇಡಿ. ಬಾನಾಡಿ ಗೂಡಿನಿಂದ ಹೊರಬಿದ್ದಾಗ ರೆಕ್ಕೆ ಹಿಡಿತಕ್ಕೆ ಬರುವವರೆಗೆ ಕೆಳಗೆ ಜಾರುತ್ತದೆ, ಅದಕ್ಕೆ ಖಾಲಿ ಆಕಾಶ ಬೇಕು. ಹಲಗೆಯನ್ನು ಗೂಡುಗಳಿಂದ ಎರಡು ಮೀಟರಿಗೂ ಕೆಳಗೆ, ಜನರ ತಲೆಗೆ ತಾಗದ ಎತ್ತರದಲ್ಲಿ ಕೂರಿಸಿ, ಕಳಚಿ ತೊಳೆಯುವಂತಿರಲಿ. ಅಷ್ಟು ಎತ್ತರ ಇಲ್ಲದಿದ್ದರೆ ನಡೆಯುವ ದಾರಿಯನ್ನು ಒಂದು ಮೀಟರ್ ಪಕ್ಕಕ್ಕೆ ಸರಿಸಿ, ಗೂಡುಗಳ ನೇರ ಕೆಳಗೆ ಗಿಡಗಳ ತೊಟ್ಟಿ ಇಡಿ.